ಸರ್ಕಾರಿ ರಾಗಿಯ ರಾಶಿ

ಪಿರಿಯಾಪಟ್ಟಣದ ಕಡೆ ನಾನು ವ್ಯವಸಾಯ ಇಲಾಖೆಯ ಹಂಗಾಮಿ ನೌಕರನಾಗಿದ್ದಾಗ ಇದ್ದದ್ದು ಒಂದೇ ಕೆಲಸ: ಸರ್ಕಾರ ಕೊಟ್ಟ ಹೊಸ ರಾಗಿ ಬೀಜ ಊರ ಬೀಜಕ್ಕಿಂತ ಮೇಲು ಎಂದು ತೋರಿಸಿಕೊಡುವುದು. ತೋರಿಸಿದರೆ ಕೆಲಸ ಕಾಯಂ. ಕಾಯಂ ಆದರೆ ಹುಣಸೂರಿನಲ್ಲೊಂದು ಹೆಣ್ಣು. ಹಂಗಾಮಿ ಅಳಿಯ ತಮಗೆ ಬೇಡವೆಂದು ಹೆಣ್ಣಿನ ತಂದೆ ಮುಖಕ್ಕೇ ಹೇಳಿದ್ದರು. ನನಗೆ ರೇಗಿತ್ತು. ಆದರೆ ಹುಡುಗಿಯನ್ನು ನೋಡಿಬಿಟ್ಟಿದ್ದೆನಲ್ಲ, ನುಂಗಿಕೊಂಡೆ.

ಕಂಪಲಾಪುರದ ಆಚೆಯ ಹಳ್ಳಿಯೊಂದರಲ್ಲಿ ವಯಸ್ಸಾದ ಗೌಡರೊಬ್ಬರು ಒಪ್ಪಿದರು. ಅವರ ಹೊಲವನ್ನು ಎರಡು ಭಾಗ ಮಾಡಿ, ಒಂದರಲ್ಲಿ ಊರ ಬೀಜ, ಇನ್ನೊಂದರಲ್ಲಿ ಸರ್ಕಾರಿ ಬೀಜ ಬಿತ್ತಿಸಿದೆ. ಸರ್ಕಾರಿ ತೆನೆ ಮುಷ್ಟಿ ಗಾತ್ರ ಬಂತು. ನಾನು ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡು ಓಡಾಡಿದೆ.

ಕಣದಲ್ಲಿ ಎರಡು ರಾಶಿ ಬಿದ್ದ ದಿನ ಅಳತೆ ನೋಡಲು ಇಲಾಖೆಯ ಸಾಹೇಬರು ಬರುವುದಿತ್ತು. ಅವರನ್ನು ಕರೆತರಲು ಕಂಪಲಾಪುರದ ರಸ್ತೆಗೆ ಹೊರಟೆ. ಸಾಹೇಬರು ಬರುವತನಕ ಒಂದು ಸೇರನ್ನೂ ಅಳೆಯಕೂಡದು ಎಂದು ಗೌಡರಿಗೆ ಮೂರು ಸಲ ಹೇಳಿದೆ. ಅವರು ತಲೆಯಾಡಿಸಿದರು.

ಅಳೆಯಲಿಲ್ಲ, ನಿಜ. ಸಾಹೇಬರೊಡನೆ ಬಂದು ನೋಡುತ್ತೇನೆ, ಸರ್ಕಾರಿ ರಾಶಿ ಅರ್ಧಕ್ಕೆ ಇಳಿದಿದೆ. ವರ್ಷವಿಡೀ ದುಡಿದವರಿಗೆ ಪಾಲು ಕೊಟ್ಟ ಮೇಲೆಯೇ ರಾಶಿ ಅಳೆಯುವುದು ಆ ಸೀಮೆಯ ರೂಢಿ. ನೇಗಿಲು ಮಾಡಿದ ಬಡಗಿ, ಕುಳ ತಟ್ಟಿದ ಕಮ್ಮಾರ, ಮಡಕೆ ಕೊಟ್ಟ ಕುಂಬಾರ, ಎತ್ತಿಗೆ ಲಾಳ ಕಟ್ಟಿದ ಸಾಬರು, ಎಲ್ಲರೂ ಬಂದಿದ್ದಾರೆ. ಗೌಡರು ಮೊರ ತುಂಬಿ ತುಂಬಿ ಸುರಿದಿದ್ದಾರೆ. ಅದೂ ಸರ್ಕಾರಿ ರಾಶಿಯಿಂದಲೇ. ಊರ ರಾಗಿಯ ರಾಶಿಯನ್ನು ಯಾರೂ ಮುಟ್ಟಿರಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಸರ್ಕಾರದ ರಾಶಿ ಮುಂದೆ ಬಂದೋರ್ನ ಬರಿಗೈಲಿ ಕಳ್ಸಾದಾ ಸ್ವಾಮಿ? ನಿಮ್ಮ ಮರ್ವಾದೆ ಉಳಿಸಿವ್ನಿ ಕಣ್ರೀ," ಎಂದರು ಗೌಡರು, ಬಲು ಖುಷಿಯಿಂದ.

ಕೊಟ್ಟದ್ದನ್ನೂ ಸೇರಿಸಿಕೊಳ್ಳಿ ಎಂದು ಸಾಹೇಬರನ್ನು ಬೇಡಿದೆ. ಕಾಲಿಗೆ ಬೀಳುವುದೊಂದು ಬಾಕಿ. ಅಳೆಯದ ರಾಗಿಯನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದರು ಅವರು. ಹೊಸ ಬೀಜ ಈ ಸೀಮೆಗೆ ಒಗ್ಗುವುದಿಲ್ಲವೆಂದು ಬರೆದು, ಗೌಡರು ಕೊಟ್ಟ ಎಳನೀರು ಕುಡಿದು ಹೊರಟುಹೋದರು. ತಿಂಗಳೊಳಗೆ ನನ್ನ ಕೆಲಸ ಹೋಯಿತು. ಹುಡುಗಿಯನ್ನು ಕಚೇರಿ ಗುಮಾಸ್ತನೊಬ್ಬನಿಗೆ ಕೊಟ್ಟರು. ಕಾಯಂ ಗುಮಾಸ್ತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ಈ ಮುದುಕನೇ ಎಂದು ವರ್ಷವೆಲ್ಲ ಬೈದುಕೊಂಡೆ. ಅವನು ಹಾಳು ಮಾಡಿದ್ದು ನನ್ನ ಮನೆಯನ್ನು, ತನ್ನದನ್ನಲ್ಲ.

ಮರುವರ್ಷ ಸುಗ್ಗಿಗೆ ಬಂದು ಹೋಗಿ ಎಂದು ಗೌಡರಿಂದ ಕರೆ ಬಂತು. ಜಗಳ ತೆಗೆಯಲೆಂದೇ ಹೋದೆ. ನೋಡಿದರೆ ಊರ ಕಣಗಳಲ್ಲೆಲ್ಲ ನನ್ನ ರಾಗಿ. ತೆನೆಯ ಗಾತ್ರ ಕಂಡಿದ್ದವರು ತಮ್ಮ ಪಾಲನ್ನು ಬೀಸಿ ಮುದ್ದೆ ಮಾಡಿಕೊಳ್ಳದೆ ಬೀಜಕ್ಕೆ ಎತ್ತಿಟ್ಟು, ನೆಂಟರಿಷ್ಟರಿಗೂ ಹಂಚಿ ಬಿತ್ತಿದ್ದರು. ಹಳೆಯ ಬೀಜ ಬಿತ್ತಿದವರನ್ನು ಹುಡುಕಬೇಕಿತ್ತು.

ಗೌಡರ ರಾಶಿಯ ಮುಂದೆ ಪಾಲಿಗೆ ಬಂದವರು ಸಾಲಾಗಿ ನಿಂತಿದ್ದರು. ಗೌಡರು ಮೊರ ತುಂಬಿಕೊಂಡು ಅವರನ್ನೆಲ್ಲ ದಾಟಿ ನನ್ನ ಹತ್ತಿರ ಬಂದರು.

"ಬೀಜ ತಂದೋರು ನೀವು. ನಿಮ್ಮ ಪಾಲ ಕೊಡ್ದೆ ರಾಶಿ ಅಳ್ಯಾಕಾದದಾ? ಒಡ್ಡಿ ಸ್ವಾಮಿ."

ಜಗಳಕ್ಕೆಂದು ಬಂದಿದ್ದವನು ಹೆಗಲ ಮೇಲಿನ ವಲ್ಲಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ.