ಅಡುಗೆಮನೆಗೆ ಗೊಂಬೆ ಕಟ್ಟಿಗೆ

ಒದ್ದೆ ಕಟ್ಟಿಗೆಯ ವಾಸನೆ ಬಂದರೆ ನನಗೆ ಮೊದಲು ಹುಟ್ಟುವುದು ತಿರಸ್ಕಾರ. ದುಃಖ ಆಮೇಲೆ ಬರುತ್ತದೆ. ಮೂಡಲಗಿಯ ನಮ್ಮ ಅಡುಗೆಮನೆಯದು ಮಣ್ಣಿನ ಗೋಡೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದಿರಬಹುದು. ವರ್ಷಕ್ಕೊಮ್ಮೆ ಹೆಂಗಸರು ಬಿಳಿಮಣ್ಣು, ಸೆಗಣಿ ಕಲಸಿ ಅಂಗೈಯಿಂದ ಸಾರಿಸುತ್ತಿದ್ದರು; ಒಣಗಿದ ಮೇಲೆ ಬೆರಳಿನ ಗೆರೆಗಳು ಅರ್ಧಚಂದ್ರದ ಸಾಲುಗಳಾಗಿ ಉಳಿಯುತ್ತಿದ್ದವು. ಒಲೆಯ ಎದುರಿನ ಗೋಡೆಯನ್ನು ಕೊನೆಯ ಸಲ ಸಾರಿಸಿದವಳು ನನ್ನ ಅವ್ವ. ಅದೇ ವರ್ಷ ಅವಳು ತೀರಿಕೊಂಡಳು. ಆಮೇಲೆ ಆಯಿ, ಎಂದರೆ ನನ್ನ ಅಜ್ಜಿ, ಉಳಿದ ಮೂರು ಗೋಡೆಗಳನ್ನಷ್ಟೇ ಸಾರಿಸಿದಳು. ನಾನು ಮಣೆಯ ಮೇಲೆ ನಿಂತು ಆ ಗೆರೆಗಳಲ್ಲಿ ನನ್ನ ಬೆರಳುಗಳನ್ನಿಟ್ಟು ಅಳೆಯುತ್ತಿದ್ದೆ. ಅವ್ವನ ಕೈ ಇನ್ನೂ ದೊಡ್ಡದಾಗಿಯೇ ಇರುತ್ತಿತ್ತು.

ಅಪ್ಪನ ತಮ್ಮ ಕಾಕಾನ ಕಣ್ಣಿಗೆ ಅದೆಲ್ಲ ಹೊಲಸು. ಸ್ಟೇಷನ್ನಿನಲ್ಲಿ ನಿಂತ ರೈಲಿನ ಮೊದಲ ದರ್ಜೆಯ ಡಬ್ಬಿಯೊಳಗೆ ಅವನು ಒಮ್ಮೆ ಇಣುಕಿ ನೋಡಿದ್ದ. ಒಳಗೆ ಹತ್ತಿದವನಲ್ಲ, ಇಣುಕಿದವನು. ಗೋಡೆಗೆ ಸಾಲಾಗಿ ಹಲಗೆ ಬಡಿದದ್ದನ್ನು ಕಂಡವನೇ ನಮ್ಮ ಬಚ್ಚಲಿಗೂ ಅಡುಗೆಮನೆಗೂ ಹಾಗೇ ಆಗಬೇಕೆಂದು ಹಟ ಹಿಡಿದ. ಹುಕ್ಕೇರಿಯಲ್ಲಿ ಸಾಗವಾನಿ ಸಿಕ್ಕಿತು. ಕಪ್ಪಗಿದೆ ಎಂದು ಬಿಟ್ಟು ಬಂದ. ಕೊನೆಗೆ ಗೋಕಾಕದಲ್ಲಿ ಮರದ ಮಾವು, ಬಾಳೆಹಣ್ಣಿನ ಗೊಂಬೆ ಮಾಡುವ ದತ್ತೋಬಾನಲ್ಲಿ ಅವನ ಮನಸ್ಸು ನಿಂತಿತು. ಹಗುರ ಕಟ್ಟಿಗೆ, ಮೇಲೆ ಹೊಳೆಯುವ ಬಣ್ಣ. ಕಾಕಾನಂಥವರಿಗೆ ಅಷ್ಟು ಸಾಕು.

ಹಲಗೆ ತಂದ ದಿನ ದತ್ತೋಬಾ ಮೆಲ್ಲಗೆ ಹೇಳಿದ: "ಇದು ಗೊಂಬಿ ಕಟ್ಟಿಗಿ ಐತ್ರಿ. ನೀರು ಕುಡದು ಉಬ್ಬತೈತಿ."

"ರೈಲು ಮಳಿಯಾಗ ತೊಯ್ಯೂದಿಲ್ಲೇನು?"

"ರೈಲಿನೊಳಗ ಯಾರೂ ಜಳಕಾ ಮಾಡೂದಿಲ್ರಿ, ಯಜಮಾನ್ರ."

ಕಾಕಾ ಕೇಳಲಿಲ್ಲ. ಆಯಿ ಮಗನನ್ನು ಬೇಡಿಕೊಂಡಳು: "ಬಚ್ಚಲಕ್ಕ ಏನರೆ ಬಡಕೊ, ತಮ್ಮಾ. ಒಲಿ ಮುಂದಿನ ಗ್ವಾಡಿ ಒಂದ ಬಿಡು."

"ಅದಾ ಭಾಳ ಹೊಲಸ ಐತಿ, ಎವ್ವಾ."

ಮಾವಿನ ಹಳದಿ, ಗಿಳಿಯ ಹಸಿರು ಬಳಿದ ಹಲಗೆಗಳು ಗೋಡೆಯನ್ನು ಮುಚ್ಚಿದವು. ನೋಡಲು ಬಂದ ಪಕ್ಕದ ಮನೆಯ ಮುದುಕಿ, "ಇವನ್ನ ನೋಡೂದೋ, ತಿನ್ನೂದೋ?" ಎಂದಳು. ಕಾಕಾ ಅದನ್ನೂ ಹೊಗಳಿಕೆಯೆಂದೇ ತಿಳಿದು ಮೀಸೆ ತಿರುವಿದ.

ಒಂದೇ ಮಳೆಗಾಲ. ಬಚ್ಚಲಿನ ಹಲಗೆಗಳು ರೊಟ್ಟಿಯಂತೆ ಉಬ್ಬಿದವು; ಜಳಕ ಮಾಡಿ ಬಂದ ಕಾಕಾನ ಬೆನ್ನಿಗೆ ಹಳದಿ ಬಣ್ಣ ಅಂಟಿರುತ್ತಿತ್ತು. ಅಡುಗೆಮನೆಯಲ್ಲಿ ಗೆದ್ದಲು ಹಿಡಿಯಿತು. ಹಲಗೆಗಳನ್ನು ಕಿತ್ತಾಗ ಗೋಡೆಯ ಮಣ್ಣೂ ಅವುಗಳ ಬೆನ್ನಿಗಂಟಿ ಬಂತು. ಆಯಿ ಒಂದು ಹಲಗೆಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. ಮೇಲೆದ್ದ ಮಣ್ಣಿನ ಹಕ್ಕಳೆಯ ಅಡಿಯಲ್ಲಿ ಅವ್ವನ ಬೆರಳಿನ ಗೆರೆಗಳು ಅಂಗೈಯಗಲ ಕಂಡವು. ಅವಳು ಮುಟ್ಟಿದ ಕೂಡಲೇ ಉದುರಿದವು.

"ಸಾಗವಾನೀನ ಹಾಕಬೇಕಿತ್ತು," ಎಂದ ಕಾಕಾ. ಅವನಿಗೆ ಅರ್ಥವಾದದ್ದು ಅಷ್ಟೇ.

ಆಯಿ ಇಲ್ಲ, ಆ ಮನೆಯೂ ಇಲ್ಲ. ನನ್ನ ಕೈ ಈಗ ಅವ್ವನ ಕೈಯಷ್ಟಾಗಿರಬೇಕು. ಅಳೆದು ನೋಡಲು ಗೋಡೆಯಿಲ್ಲ.