ಪ್ರೇಮಕುಮಾರಿಯ ಹೊಗೆಸೊಪ್ಪಿನ ಪಾಠ

ನನ್ನ ಗೆಳತಿ ಪ್ರೇಮಕುಮಾರಿ ರಾಮನಾಥಪುರದ ಕಡೆಯ ಕಾಲೇಜೊಂದರಲ್ಲಿ ಹದಿನಾರು ವರ್ಷದಿಂದ ಗಣಿತದ ಅತಿಥಿ ಉಪನ್ಯಾಸಕಿ. ಕಾಯಂ ನೌಕರಿ ಸಿಗಲಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಒಂದು ಪಾಠ ಮಾತ್ರ.

ಗಣಿತದ ಒಂದು ಸಂಬಂಧ ಫಂಕ್ಷನ್ ಹೌದೋ ಅಲ್ಲವೋ, ಅಂದರೆ ಒಂದೊಂದಕ್ಕೂ ಒಂದೇ ಒಂದು ಜೋಡಿ ಇದೆಯೋ ಇಲ್ಲವೋ ಎಂದು ಪಿಯುಸಿ ಮಕ್ಕಳಿಗೆ ತಿಳಿಸಲು ನಾನು ಹೊಳೆನರಸೀಪುರದ ನನ್ನ ಕಾಲೇಜಿನಲ್ಲಿ ಬೋರ್ಡಿನ ತುಂಬ ಬಾಣ ಬರೆದು ಸುಸ್ತಾದವಳು. ಪ್ರೇಮಾ ಆ ಕಡೆಯ ರೈತರ ಹೊಗೆಸೊಪ್ಪಿನ ಹರಾಜನ್ನೇ ತರಗತಿಗೆ ತಂದಳು. ಮಕ್ಕಳ ಬ್ಯಾಗುಗಳೇ ಸೊಪ್ಪಿನ ಮೂಟೆಗಳು, ಬೇಲ್‌ಗಳು. ಪ್ರತಿ ಬೇಲ್‌ಗೂ ಒಂದು ರೇಟಿನ ಚೀಟಿ. ಒಂದಕ್ಕೆ ಎರಡು ಚೀಟಿ ಅಂಟಿಸಿದರೆ ಹಿಂದಿನ ಬೆಂಚಿನವರು, "ಅದೆಂಗಾಯ್ತದೆ ಮಿಸ್, ನಮ್ಮಪ್ಪ ಅಲ್ಲೇ ಜಗಳಕ್ಕೆ ನಿಂತ್ಕತ್ತದೆ" ಎನ್ನುತ್ತಿದ್ದರು. "ಅಂಗಾದ್ರೆ ಅದು ಫಂಕ್ಷನ್ ಅಲ್ಲ. ಚೀಟಿನೇ ಇಲ್ದೆ ಒಂದು ಬೇಲ್ ಉಳಿದ್ರೂ ಅಲ್ಲ" ಎನ್ನುತ್ತಿದ್ದಳು ಇವಳು.

ಸಿದ್ದೇಶ್ವರ ಅವಳ ಮೊದಲ ಬ್ಯಾಚಿನ ಹುಡುಗ, ಈಗ ಚನ್ನರಾಯಪಟ್ಟಣದಲ್ಲಿ ಕಾಯಂ ಉಪನ್ಯಾಸಕ. ಜೂನ್‌ನಲ್ಲಿ ಅವಳ ಮನೆಗೆ ಬಂದು, ಉಪ್ಪಿಟ್ಟು ತಿಂದು, "ಮಿಸ್, ನಿಮ್ ನೋಟ್ಸ್ ಒಂದ್ವಾರ ಕೊಡಿ, ನಮ್ ಹುಡುಗ್ರಿಗೆ ಹೇಳ್ಕೊಟ್ಟು ತಂದ್ಕೊಡ್ತೀನಿ" ಎಂದ. ಇವಳು ಚೀಟಿಗಳನ್ನೂ ಸೇರಿಸಿ ಕೊಟ್ಟಳು.

ಆಗಸ್ಟ್‌ನಲ್ಲಿ ಹಾಸನದಲ್ಲಿ ಉಪನ್ಯಾಸಕರ ತರಬೇತಿ. ತನ್ನ ಪಾಠವನ್ನು ಅಲ್ಲಿ ಹೇಳುತ್ತೇನೆಂದು ಪ್ರೇಮಾ ಪತ್ರ ಬರೆದು ಕೇಳಿಕೊಂಡಿದ್ದಳು. ಅತಿಥಿ ಉಪನ್ಯಾಸಕರಿಗೆ ವೇದಿಕೆಯಲ್ಲಿ ಅವಕಾಶವಿಲ್ಲ ಎಂದಿದ್ದರು ಏರ್ಪಡಿಸಿದವರು. ನಾವಿಬ್ಬರೂ ಮೂರನೇ ಸಾಲಿನಲ್ಲಿ ಕೂತಿದ್ದೆವು. ವೇದಿಕೆ ಹತ್ತಿದವನು ಸಿದ್ದೇಶ್ವರ. ಪರದೆಯ ಮೇಲೆ 'ನನ್ನ ಹೊಸ ವಿಧಾನ', ಕೆಳಗೆ ಅವನ ಹೆಸರು, ಪಕ್ಕದಲ್ಲಿ ಪ್ರೇಮಾಳ ಕೈಬರಹದ ಚೀಟಿಗಳ ಫೋಟೋ. ಉಪ್ಪಿಟ್ಟು ತಿಂದ ಬಾಯಿ ಅದು. ನಾನು ಪ್ರೇಮಾಳ ಮೊಣಕೈ ತಿವಿದು, ಎದ್ದು ಕೇಳೇ ಎಂದೆ.

"ತಡಿಯೇ, ಕೊನೇಲಿ ನನ್ ಹೆಸ್ರು ಹೇಳ್ತಾನೆ" ಎಂದಳು.

ಹೇಳಲಿಲ್ಲ. ಅರಕಲಗೂಡಿನ ಪರಮಶಿವಯ್ಯ ಮೇಷ್ಟ್ರು ಎದ್ದು, "ಎರಡು ಬೇಲ್‌ಗೆ ಒಂದೇ ರೇಟ್ ಬಂದ್ರೆ ಹುಡುಗ್ರು ಅದೂ ಫಂಕ್ಷನ್ ಅಲ್ಲ ಅಂತಾರೆ. ಅದನ್ನ ಹೆಂಗೆ ಬಿಡಿಸ್ತೀರಿ?" ಎಂದು ಕೇಳಿದರು. ಸಿದ್ದೇಶ್ವರ ಪುಸ್ತಕದ ವ್ಯಾಖ್ಯೆಯನ್ನೇ ಎರಡು ಸಲ ಒಪ್ಪಿಸಿದ. ಆ ಪ್ರಶ್ನೆಗೆ ಉತ್ತರ ಪ್ರೇಮಾಳ ನೋಟ್ಸಿನಲ್ಲಿ ಇರಲಿಲ್ಲ. ಅವನ ಕಣ್ಣು ಪ್ರೇಮಾಳ ಕಡೆ ಬಂತು.

ಇವಳು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. "ಇಬ್ರು ರೈತ್ರಿಗೆ ಒಂದೇ ರೇಟ್ ಸಿಕ್ರೆ ಯಾರೂ ಜಗಳ ಆಡಲ್ಲ ಸಾರ್. ಜಗಳ ಬರೋದು ಒಂದೇ ಬೇಲ್‌ಗೆ ಎರಡು ರೇಟ್ ಬಂದಾಗ. ಹುಡುಗ್ರನ್ನ 'ಇಲ್ಲಿ ಜಗಳ ಆಯ್ತದಾ' ಅಂತ ಕೇಳಿ, ಅವ್ರೇ ಹೇಳ್ತಾರೆ" ಎಂದಳು.

ಚಪ್ಪಾಳೆ ಬಿತ್ತು. ಸಿದ್ದೇಶ್ವರ ಮೈಕಿನಲ್ಲಿ ನಕ್ಕ. "ಥ್ಯಾಂಕ್ಯೂ ಮೇಡಂ. ನನ್ನ ವಿಧಾನ ಚೆನ್ನಾಗಿ ಅರ್ಥ ಮಾಡ್ಕೊಂಡಿದೀರಾ. ಯಾವ ಕಾಲೇಜು ನಿಮ್ದು?"

ಪ್ರೇಮಾ ತನ್ನ ಕಾಲೇಜಿನ ಹೆಸರು ಹೇಳಿ ಕೂತಳು. ಅವನು ಓದಿದ ಕಾಲೇಜು ಅದೇ.