ಮಗ್ಗದ ಸದ್ದಿನ ಮೇಲೆ ಹೊರಿಸಿದ ತಪ್ಪು

ಐದಾರು ವರ್ಷಗಳ ಹಿಂದಿನ ಮಾತು. ನಾನು ಜಮಖಂಡಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆದು ಹೇಳುವವನು. ಡಾಕ್ಟರ್ ಅಲ್ಲವೆಂದು ಎಷ್ಟು ಹೇಳಿದರೂ ಜನ ಒಪ್ಪುತ್ತಿರಲಿಲ್ಲ, ಕೊನೆಗೆ ಹೇಳುವುದನ್ನೇ ಬಿಟ್ಟೆ. ಪವರ್‌ಲೂಮ್ ಕೆಲಸಗಾರರ ಕಿವಿ ನೋಡಿ ನೋಡಿ, ರೋಗಿ ಮಗ್ಗಗಳ ಊರಾದ ಬನಹಟ್ಟಿಯವರು ಎಂದ ಕೂಡಲೇ ನನ್ನ ತಲೆಯಲ್ಲಿ ಮಗ್ಗದ ಸದ್ದೆಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಸವಿತಾಳೂ ಬನಹಟ್ಟಿಯವಳೇ. ಹೆಸರು ಬದಲಿಸಿದ್ದೇನೆ. ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಮನೆಯ ಮುಂಭಾಗದಲ್ಲೇ ನಾಲ್ಕು ಮಗ್ಗ. ಮೂರು ತಿಂಗಳಿಂದ ಕೂಗಿದರೂ ಕೇಳಿಸುತ್ತಿಲ್ಲವೆಂದು ತಾಯಿ ಬಸ್ಸಿನಲ್ಲಿ ಕರೆತಂದಿದ್ದರು. ತಂದೆ ಬೇರೆಯಾಗಿ ಬೈಕಿನಲ್ಲಿ ಬಂದು ಬಾಗಿಲ ಬಳಿ ನಿಂತಿದ್ದರು.

"ಸಾಲಿ ಬಿಡಸ್ತೇನ್ರಿ. ಕಿವಿ ಕೇಳದಾಕಿ ಏನ್ ಪರೀಕ್ಷಾ ಬರೀತಾಳ್ರಿ?" ಎಂದರು ತಂದೆ.

ಸದ್ದು ನುಗ್ಗದ ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನಿನಲ್ಲಿ ಸ್ವರ ಕೇಳಿದಾಗ ಗುಂಡಿ ಒತ್ತಿಸುವುದು ಆಡಿಯೋಮೆಟ್ರಿ. ಎರಡೂ ಕಿವಿಗೆ ಅರವತ್ತು ಡೆಸಿಬೆಲ್ ಬಂತು. ಪಕ್ಕದವರ ಮಾತೂ ಕೇಳದಷ್ಟು ನಷ್ಟ. ಮಗ್ಗದ ಸದ್ದಿಗೆ ಕೆಟ್ಟ ಕಿವಿಯ ಗ್ರಾಫ್ ಕೀರಲು ಸ್ವರಗಳ ಕಡೆ ತಗ್ಗುತ್ತದೆ. ಇವಳದು ಸಪಾಟಾಗಿತ್ತು. ಅದನ್ನು ಕಂಡೂ ಮಗ್ಗದ ಸದ್ದೇ ಕಾರಣವೆಂದು ಹಿಯರಿಂಗ್ ಏಡ್ ಬರೆದುಕೊಟ್ಟೆ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ವಾರದ ಬಳಿಕ ಆ ಹಿಯರಿಂಗ್ ಏಡ್‌ಗಾಗಿ ಕಿವಿಯ ಅಚ್ಚು ತೆಗೆಯಲು ಅವಳನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದೆ. ಹಿಂದಿನಿಂದ ತಾಯಿ, ಮಗಳಿಗೆ ಕೇಳಿಸದೆಂಬುದನ್ನು ಮರೆತು, ಹಳೇ ರೂಢಿಯಂತೆ ಅವಳಿಗೆ ಮೆಲ್ಲಗೆ, "ಸಂಜಿಕ ಮನಿಗೆ ಬರತಾರೋ ಇಲ್ಲೋ, ನಿಮ್ಮಪ್ಪಗ ಕೇಳ" ಎಂದರು. ತಂದೆ ನಾಲ್ಕೇ ಹೆಜ್ಜೆ ದೂರದಲ್ಲಿದ್ದರು. ಸವಿತಾ ತಿರುಗಲಿಲ್ಲ. ಆದರೆ ಅವಳ ಕೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿಯಿತು.

ಅವಳಿಗೆ ಕೇಳಿಸಿತೆಂಬ ಅನುಮಾನ ಬಂದು, ಅಚ್ಚಿನ ಸಾಮಾನು ಬದಿಗಿಟ್ಟು ಬೆರಾ ಪರೀಕ್ಷೆ ಮಾಡಿದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಸದ್ದು ಮಿದುಳಿಗೆ ಮುಟ್ಟುತ್ತಿದೆಯೇ ಎಂದು ನೋಡುವ ಪರೀಕ್ಷೆ ಅದು. ಎರಡೂ ಕಿವಿ ಸರಿಯಾಗಿದ್ದವು. ಮನಸ್ಸು ತಡೆಯಲಾರದಾದಾಗ ಹೀಗೆ ಕಿವಿ ಸರಿಯಿದ್ದೂ ಕೇಳಿಸದಿರುವುದುಂಟು, ಅದು ನಾಟಕವಲ್ಲ.

ತಂದೆ ತಾಯಿಯನ್ನು ಹೊರಗೆ ಕಳಿಸಿ, 'ಕೇಳಿಸಿದರೆ ಏನಾಗುತ್ತದೆ?' ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ, ಚೀಟಿ ಮಡಿಸುತ್ತ ಹೇಳಿದಳು:

"ಕೇಳಿಸಿದ್ರ ಹೇಳಬೇಕಾಕ್ಕೈತ್ರಿ. ಅವ್ವನ ಮಾತ ಅಪ್ಪಗ, ಅಪ್ಪನ ಮಾತ ಅವ್ವಗ. ಇಬ್ಬರೂ ನನಗ ಬೈತಾರ್ರಿ."

ಎಂಟು ತಿಂಗಳಿಂದ ಆ ಗಂಡಹೆಂಡತಿ ನೇರವಾಗಿ ಮಾತಾಡಿರಲಿಲ್ಲ. ಅವರ ಮೇಲೂ ನನ್ನ ಮೇಲೂ ಸಿಟ್ಟು ಬಂತು. ಇದನ್ನು ಅವರಿಗೆ ಹೇಳಲು ಅವಳ ಒಪ್ಪಿಗೆ ಪಡೆದು, ಅವಳನ್ನು ಆ ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದೆ. ತಂದೆ ತಾಯಿ ಇಬ್ಬರನ್ನೂ ನನ್ನ ಮೇಜಿನ ಬಳಿಗೆ ಕರೆದೆ.

"ಕಿವಿ ಛಲೋ ಅದಾವ್ರಿ. ನಿಮ್ಮ ಮಾತ ಹೊತ್ತ ಹೊತ್ತ ಆಕಿಗೆ ಸಾಕಾಗೇತಿ. ಈಗ ನೀವ ಮಾತಾಡ್ರಿ."

ತಾಯಿ ಮಗಳ ಕಡೆ ತಿರುಗಿ ಬಾಯಿ ತೆರೆದರು. ನಡುವೆ ಸದ್ದು ದಾಟದ ಗಾಜಿತ್ತು. ಕೊನೆಗೆ ತಂದೆಯೇ ನೆಲ ನೋಡುತ್ತ, "ಬಸ್ಸಿಗೆ ಯಾಕ ಬಂದಿ? ಗಾಡಿ ಇತ್ತಲ್ಲ" ಎಂದರು.

"ನೀವು ಕರದಿರೇನು?"

ಮುಂದೆ ಅರ್ಧ ಗಂಟೆ ಜಗಳವನ್ನೇ ಆಡಿದರೆನ್ನಿ. ಆದರೆ ಒಬ್ಬರಿಗೊಬ್ಬರು ಮುಖ ಕೊಟ್ಟು ಆಡಿದರು. ಬಾಗಿಲು ತೆರೆದಾಗ ಸವಿತಾ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸಲು ಹೋದ ತಾಯಿಯನ್ನು ತಂದೆ ತಡೆದರು: "ಇರಲಿ, ಎಬ್ಬಸಬ್ಯಾಡ. ಸ್ವಲ್ಪ ಕುಂಡ್ರೂಣು."

ಮೂವರನ್ನೂ ಒಬ್ಬ ಕೌನ್ಸೆಲರ್ ಬಳಿ ಕಳಿಸಿದೆ. ಶಾಲೆ ಬಿಡಿಸಲಿಲ್ಲ. ಎರಡು ತಿಂಗಳಲ್ಲಿ ಅವಳ ಗ್ರಾಫ್ ಹದಿನೈದು ಡೆಸಿಬೆಲ್‌ಗೆ, ಅಂದರೆ ಸಹಜಕ್ಕೆ, ಬಂದಿತ್ತು.

ಅಂದಿನಿಂದ ಈ ವಯಸ್ಸಿನ ಮಕ್ಕಳು ಬಂದರೆ ಹೆಡ್‌ಫೋನ್ ಹಾಕುವ ಮೊದಲು, "ಮನ್ಯಾಗ ಅವ್ವ ಅಪ್ಪ ಮಾತಾಡ್ತಾರೇನು?" ಎಂದು ಕೇಳುತ್ತೇನೆ. ಎಷ್ಟೋ ಸಲ ಮಕ್ಕಳು ಉತ್ತರ ಕೊಡುವ ಮೊದಲು ಬಾಗಿಲು ಹಾಕಿದೆಯೇ ಎಂದು ನೋಡುತ್ತಾರೆ.